ತೋಳವಲ್ಲದ ಗಂಡನಿಗೆ ಹಾಡು

ಅಕ್ತೌ, ಮಂಗಳವಾರ

ನಮ್ಮ ಮನೆಯ ಯಜಮಾನರಿಗೆ,

ಭಾವನನ್ನು ಮಣ್ಣು ಮಾಡಿದ್ದಾಯಿತು. ಇಲ್ಲಿ ಸಮುದ್ರದ ಗಾಳಿಗೆ ಬಾಯಲ್ಲೆಲ್ಲ ಉಪ್ಪು. ನಿನ್ನೆ ಉರ್ಕಿಯಾ ಅಕ್ಕ ಗಂಡನ ಮೇಲೆ ಶೋಕದ ಹಾಡು ಹಾಡಿದಳು. ನಮ್ಮ ಕಡೆಯಂತೆ ಇಲ್ಲೂ ಸತ್ತ ಗಂಡಸನ್ನು ತೋಳ, ಗಿಡುಗ ಎಂದೇ ಹೊಗಳಬೇಕು. ಅಕ್ಕ ಮಾತ್ರ, “ನನಗಿಂತ ಮುಂಚೆ ಎದ್ದು ಒಲೆ ಹಚ್ಚಿದವನೇ, ಬಾಣಂತಿಯ ಸೊಂಟಕ್ಕೆ ಕುರಿಕೊಬ್ಬು ತಿಕ್ಕಿದವನೇ” ಎಂದು ಶುರು ಮಾಡಿದಳು.

ಅವಳ ಚಿಕ್ಕಮಾವ ಕೋಲು ಕುಟ್ಟಿದರು: “ಗಂಡಸಿನ ಮಾನ ಯಾಕಮ್ಮ ಕಳೀತೀಯ? ತೋಳ ಅಂತ ಹಾಡು!”

“ತೋಳದ ಜೊತೆ ನಾನ್ಯಾವತ್ತು ಸಂಸಾರ ಮಾಡಿದ್ದೆ, ಮಾವಾ?” ಎಂದವಳೇ ಹಾಡು ಮುಂದುವರಿಸಿದಳು. ಪದ್ಧತಿಯಂತೆ ಬಾಗಿಲಲ್ಲೇ “ಅಯ್ಯೋ ನನ್ನ ತಮ್ಮಾ” ಎಂದು ಬೊಬ್ಬೆಯಿಟ್ಟು ಒಳಗೆ ಬಂದಿದ್ದ ಗಂಡಸರು ಈಗ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತರು. ಆ ಚಿಕ್ಕಮಾವನೂ ಅತ್ತರು.

ನನ್ನ ಮಂಡಿನೋವು ಕಡಿಮೆಯಾಗಿದೆ. ನಿಮ್ಮ ಬಿಪಿ ಮಾತ್ರೆ ಸಕ್ಕರೆ ಡಬ್ಬಿಯ ಹಿಂದಿದೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಪಕ್ಕದ ಮನೆಯವರನ್ನು ಕೇಳಿ.

ನಿಮಗೆ ಏನು ಹಾಡಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ತೋಳ, ಗಿಡುಗ ಬಿಟ್ಟರೆ ಬೇರೇನೂ ಹೊಳೆಯುತ್ತಿಲ್ಲ. ಶನಿವಾರದ ರೈಲಿಗೆ ಬರುತ್ತೇನೆ. ಅವತ್ತಿನ ಚಹಾ ನೀವೇ ಕಾಯಿಸಿಡಿ.

ಮಾರ್ಝಿಯಾ