ಮೊಗ್ಗು ಬಂದ ಮೇಲಿನ ರಸ

ಮಾರ್ಚ್ 9, ಬೆಳಿಗ್ಗೆ 6

ಮತ್ತೆ ಮೇಪಲ್ ರಸದ ಬಕೆಟ್ ಸೋಸಿದ್ದು. ಹನ್ನೊಂದು ಪತಂಗ, ಇರುವೆ ಎಷ್ಟೋ, ಯಾವುದೋ ಹಕ್ಕಿಯ ಹಿಕ್ಕೆ. ಥೂ. ಸತ್ತ ಪತಂಗದ ಪುಡಿ ಬೆರಳಿಗೆಲ್ಲ.

ವೆಂಡೆಲ್ ಕಾಫಿ ಹಿಡ್ಕೊಂಡು ಬಾಗಿಲಲ್ಲಿ ನಿಂತು, "ಹಾಗೇ ಕುದಿಸೇ, ಪ್ರೋಟೀನು" ಅಂದ. ಗಂಡನಿಂದ ಆಗೋ ಸಹಾಯ ಇಷ್ಟು.

ಅಪ್ಪ ಹೋಗಿ ಐದು ವರ್ಷ. ಬೆಟ್ಟದ ಮೇಪಲ್ ತೋಪು, ಮರದ ರಸ ಕಾಯಿಸಿ ಸಿರಪ್ ಮಾಡೋ ಶೆಡ್ಡು ಎಲ್ಲ ಅಕ್ಕ ಕ್ಲಾಡೆಟ್‌ಗೆ. ನನಗೆ ಈ ಮನೆ, ಹಿತ್ತಲಿನ ನಾಲ್ಕು ಮೇಪಲ್ ಮರ. ಅಪ್ಪನ್ನ ಮಣ್ಣು ಮಾಡಿ ಬಂದ ದಿನವೇ ಅಂದಿದ್ದಳು, "ನಿನಗೆ ಈ ಕೆಲಸ ಬರಲ್ಲ ಬಿಡು ಯವೆಟ್." ಅವತ್ತಿಂದ ಮಾತಿಲ್ಲ. ಅವಳ ಸಿರಪ್ಪೂ ತರಲ್ಲ. ಅಂಗಡಿಯ ಬಣ್ಣ ಹಾಕಿದ ಮೆಕ್ಕೆಜೋಳದ ಪಾಕ ತಿಂದ್ಕೊಂಡಿದೀನಿ... ಮೇಪಲ್‌ಗೇ ಹೆಸರಾದ ವರ್ಮಾಂಟಲ್ಲಿ ಹುಟ್ಟಿ. ಹೇಸಿಗೆ.

25ಕ್ಕೆ ಚರ್ಚಲ್ಲಿ ಹಿಮದ ಮೇಲೆ ಬಿಸಿ ಸಿರಪ್ ಹುಯ್ದು, ಎಳೆಯಾಗಿ ಗಟ್ಟಿಯಾದಾಗ ತಿನ್ನೋ ಊಟ. ಮನೆಗೊಂದು ಬಾಟಲಿ, ಮೇಲೆ ಹೆಸರು. ಈ ಸಲ ನಾನೂ ಹೆಸರು ಕೊಟ್ಟಿದೀನಿ. ಅಕ್ಕನ ಬಾಟಲಿ ಪಕ್ಕದಲ್ಲೇ ನನ್ನದು ಕೂರಬೇಕು.

ಮಾರ್ಚ್ 11

ನಲವತ್ತು ಪಾತ್ರೆ ರಸ ಇಂಗಿದರೆ ಒಂದು ಪಾತ್ರೆ ಸಿರಪ್. ಮಿಕ್ಕ ಮೂವತ್ತೊಂಬತ್ತು ಎಲ್ಲಿಗೆ ಹೋಗುತ್ತೆ ಅಂತ ಇವತ್ತು ಗೊತ್ತಾಯ್ತು. ಆವಿಯಾಗಿ ಅಡುಗೆಮನೆ ಗೋಡೆಗೆ. ವಾಲ್‌ಪೇಪರ್ ಹಾಳೆ ಹಾಳೆಯಾಗಿ ಕಳಚಿ ಬಿತ್ತು. ಸೂರಿಂದ ಅಂಟುನೀರು ತೊಟ್ಟಿಕ್ಕಿ ಕೂದಲಲ್ಲಿ. ಅದನ್ನ ಒರೆಸೋಷ್ಟರಲ್ಲಿ ಪಾತ್ರೆ ತಳ ಹಿಡೀತು.

"ಹೊರಗೆ ಕುದಿಸು ಅಂದಿದ್ದೆ" ಅಂದ ವೆಂಡೆಲ್. ಅಂದಿರಲಿಲ್ಲ.

ಮಾರ್ಚ್ 22

ವಾರವೆಲ್ಲ ಸೆಖೆ. ಮರದ ತುದಿಯಲ್ಲಿ ಕೆಂಪು ಮೊಗ್ಗು. ಮೊಗ್ಗು ಕಂಡರೆ ರಸ ಇಳಿಸೋಕೆ ಮರಕ್ಕೆ ಬಡಿದ ನಳಿಕೆ ಕಿತ್ತುಬಿಡಬೇಕು, ರಸ ಕೆಟ್ಟಿರುತ್ತೆ... ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಬಾಟಲಿ ತುಂಬಿರಲಿಲ್ಲ.

ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಕುದಿಸಿದೆ. ಒದ್ದೆ ಕಾಲುಚೀಲ ಬೇಯಿಸಿದ ವಾಸನೆ. ಒಂದು ಚಮಚ ಬಾಯಿಗಿಟ್ಟೆ, ಉಗುಳಿದೆ, ಮೂರು ಸಲ ಬಾಯಿ ತೊಳೆದೆ. ನಾಯಿಗೆ ಹಾಕಿದರೆ ಅದೂ ಎದ್ದು ಹೋಯ್ತು.

ಮಾರ್ಚ್ 24

ವೆಂಡೆಲ್ ಪೇಟೆಯಿಂದ ಒಂದು ಡಬ್ಬಿ ಸಿರಪ್ ತಂದು ಮೇಜಿನ ಮೇಲಿಟ್ಟ. ಡಬ್ಬಿ ಮೇಲೆ ಅಕ್ಕನ ಶೆಡ್ಡಿನ ಚೀಟಿ.

ಅದನ್ನೇ ಇನ್ನೊಂದು ಬಾಟಲಿಗೆ ಹುಯ್ದೆ. ನನ್ನ ಹೆಸರು ಅಂಟಿಸಿದೆ. ಚೀಟಿ ಒಂಚೂರೂ ಸೊಟ್ಟ ಆಗಲಿಲ್ಲ, ಅದೇ ಇನ್ನೂ ಅಸಹ್ಯ.

ಮಾರ್ಚ್ 25, ಚರ್ಚಿಂದ ಬಂದು

ಡೀಪ್ ಫ್ರೀಜರಲ್ಲಿ ಕೂಡಿಟ್ಟ ಹಿಮ, ಡೋನಟ್, ಸಿಹಿ ಮುರಿಯೋಕೆ ಹುಳಿ ಸೌತೆಕಾಯಿ. ಅಕ್ಕ ನೇರ ನನ್ನ ಬಾಟಲಿ ಹತ್ರ ಬಂದಳು. ಹಿಮದ ಮೇಲೆ ಎಳೆಯಾಗಿದ್ದನ್ನ ಫೋರ್ಕಿಗೆ ಸುತ್ತಿ ಬಾಯಿಗಿಟ್ಟಳು. ತಾನು ಕಾಯಿಸಿದ ಪಾಕ ಅವಳಿಗೆ ತಿಳಿಯದೇ ಇರುತ್ತಾ? ನನ್ನನ್ನೇ ನೋಡಿದಳು.

ಆಮೇಲೆ ಪಾದ್ರಿಯ ಹೆಂಡತಿಗೆ ಕೇಳೋ ಹಾಗೆ, "ನಮ್ಮ ಯವೆಟ್ ಮಾಡಿದ್ದು ರೀ. ಥೇಟ್ ಅಪ್ಪನ ಕೈ." ಇನ್ನೊಂದು ಸಲ ಹಾಕಿಸಿಕೊಂಡಳು.

ಬೈದಿದ್ದರೆ ಬದುಕಿಕೊಳ್ತಿದ್ದೆ. ಬಾಯಿಗೆ ಹುಳಿ ಸೌತೆಕಾಯಿ ತುರುಕಿಕೊಂಡು ಕೂತಿದ್ದೆ. ನನ್ನ ಮೇಲೆ ನನಗೇ ವಾಕರಿಕೆ.

ಮಾರ್ಚ್ 26

ನಾನೇ ಕಾಯಿಸಿದ ನಿಜವಾದ ಬಾಟಲಿ ತಗೊಂಡು ಅಕ್ಕನ ಶೆಡ್ಡಿಗೆ ಹೋದೆ. ಐದು ವರ್ಷದ ಮೇಲೆ. ಅಕ್ಕ ಒಬ್ಬಳೇ ರಸ ಕಾಯಿಸೋ, ಮಂಚದಷ್ಟು ದೊಡ್ಡ ಬಾಣಲೆಗೆ ಇಳಿದು ಉಜ್ಜುತ್ತಿದ್ದಳು.

"ನಿನ್ನೆಯದು ನಿಂದು" ಅಂದೆ.

"ಗೊತ್ತು."

"ಇದು ನಂದು."

ಮುಚ್ಚಳ ತೆಗೆದಳು. ವಾಸನೆಗೆ ಮುಖ ಹಿಂದಕ್ಕೆ ಹೋಯ್ತು. ಆದರೂ ಬೆರಳು ಅದ್ದಿ ನೆಕ್ಕಿದಳು. ಉಗುಳಲಿಲ್ಲ, ನುಂಗಿದಳು. ಕಣ್ಣಲ್ಲಿ ನೀರು ಬಂತು.

"ಥೂ ಯವೆಟ್, ಏನೇ ಇದು... ಮೊಗ್ಗು ಬಂದ ಮೇಲೆ ಯಾರಾದ್ರೂ ಕಾಯಿಸ್ತಾರೇನೇ?"

"ಬಾಟಲಿ ತುಂಬಿರಲಿಲ್ಲ ಅಕ್ಕ."

ನಕ್ಕಳು. ನಿಲ್ಲಿಸೋಕೆ ಆಗಲಿಲ್ಲ ಅವಳಿಗೆ. ಆಮೇಲೆ ಬಾಣಲೆಯಲ್ಲಿ ಸ್ವಲ್ಪ ಆಚೆ ಸರಿದು ಜಾಗ ಬಿಟ್ಟಳು. ಮೊಳೆಯಲ್ಲಿ ಅಪ್ಪನ ಬ್ರಷ್ ಇನ್ನೂ ಅಲ್ಲೇ ಇತ್ತು. ಕೋಟು ತೆಗೆದಿಟ್ಟು, ಅಂಗಿ ತೋಳು ಮಡಚಿಕೊಂಡು, ಆ ಬ್ರಷ್ ಹಿಡಿದು ನಾನೂ ಬಾಣಲೆಗೆ ಇಳಿದೆ.