ಕೋಟಿನ ಮುಂದಿನ ನಗು

ಅಪ್ಪಾ,

ನಿಮ್ಮ ಮೆಚ್ಚಿನ ಹಾಸ್ಯನಟರ ನಗೆ ತುಣುಕುಗಳನ್ನೆಲ್ಲ ಇವತ್ತು ನಮ್ಮ ಚಾನೆಲ್ಲಿಗಾಗಿ ನಾನೇ ಕೂತು ಜೋಡಿಸಿದೆ. ಮಲಗಿದ್ದ ಪೊಲೀಸಿನವನಿಗೆ ಅವರು ಅಂಗಿಯ ಅಳತೆ ತೆಗೆಯುವ ಸಿನಿಮಾ ದೃಶ್ಯವೂ ಇದೆ. ಅದನ್ನು ನೋಡುವಾಗಲೇ ಅಲ್ಲವೇ, ಥಿಯೇಟರಿನಲ್ಲಿ "ಮೆಲ್ಲಗೆ ನಗಿ ಅಪ್ಪ, ಮಾನ ಹೋಗತ್ತೆ" ಎಂದು ನಾನು ನಿಮ್ಮನ್ನು ಮೊಣಕೈಯಿಂದ ತಿವಿದದ್ದು? ಆಮೇಲೆ ನೀವು ಕರ್ಚೀಫು ಬಾಯಿಗೆ ಒತ್ತಿಕೊಂಡೇ ನಗುತ್ತಿದ್ದಿರಿ.

ಕೊನೆಗೆ, ಚಿತ್ರೀಕರಣದ ದಿನ ನೀವೂ ಪ್ರೇಕ್ಷಕರಲ್ಲಿ ಕೂತಿದ್ದ ಆ ಟಿವಿ ನಾಟಕ ಬಂತು. ಗೂಟಕ್ಕೆ ನೇತುಹಾಕಿದ ಕೋಟನ್ನೇ ಸಾಹೇಬರೆಂದುಕೊಂಡು ಅವರು ರಜೆ ಕೇಳುತ್ತಾರೆ. ಪ್ರೇಕ್ಷಕರ ನಡುವಿನಿಂದ ಒಂದೇ ಒಂದು ನಗು ಸಿಡಿಯುತ್ತದೆ. ಅವರು ಬೆಚ್ಚಿ ಕೋಟನ್ನೇ ಕೇಳುತ್ತಾರೆ: "ನಕ್ಕಿದ್ದು ನೀವಾ ಸಾರ್?"

"ಆ ಮಾತು ನಾಟಕದಲ್ಲೇ ಇರ್ಲಿಲ್ಲ, ನನ್ನ ನಗು ಕೇಳಿ ಅಂದಿದ್ದು" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಿರಿ. ಬರೀ ಬಡಾಯಿ ಎಂದುಕೊಂಡಿದ್ದೆ. ನೀವು ಹೋಗಿ ಮೂರು ವರ್ಷವಾದರೂ ಇವತ್ತು ಆ ನಗು ಕೇಳಿದ ಕೂಡಲೇ ನಿಮ್ಮದೆಂದು ಗುರುತು ಹಿಡಿದೆ.

ಹಿಂದೆ ನಿಂತಿದ್ದ ನಮ್ಮ ಮೇಲಧಿಕಾರಿ, "ಯಾರದು, ಕಿವಿ ತಮಟೆ ಹರಿಯೋ ಹಾಗೆ ನಗೋದು? ತೆಗೆದುಹಾಕು" ಎಂದರು.

ಅದು ನಮ್ಮಪ್ಪ ಎನ್ನದೆ, ನಿಮ್ಮ ನಗುವನ್ನು ತೆಗೆದೆ.

ನಾಳೆ ಊರೆಲ್ಲ ನೋಡುತ್ತದೆ. ಯಾರೂ ನಗದಿದ್ದರೂ ಅವರು ಬೆಚ್ಚಿಬೀಳುತ್ತಾರೆ, ಕೋಟನ್ನು ಕೇಳುತ್ತಾರೆ: "ನಕ್ಕಿದ್ದು ನೀವಾ ಸಾರ್?"