ಮೂರನೆಯ ಕೊನೆಯ ವಾರ

ಮಸ್ಕಿ, ಭಾನುವಾರ

ಸಿಂಧನೂರು ರಸ್ತೆಯ ಮನರಂಜನಾ ಪಾರ್ಕಿನ ಮ್ಯಾನೇಜರ್ ಸಾಹೇಬರಿಗೆ, ಸ್ಟುಡಿಯೋ ಟೂರಿನ ಗೈಡ್ ವಸೀಮಾಳ ಸಲಾಮು.

ಇಂದಿನಿಂದ ನಾನು ಕೆಲಸಕ್ಕೆ ಬರುವುದಿಲ್ಲ. ಸಿನಿಮಾ ಸ್ಟುಡಿಯೋ ಟೂರ್ ಉಳಿಯುತ್ತದೋ ಮುಚ್ಚುತ್ತದೋ ಎಂದು ನಾಲ್ಕು ತಿಂಗಳಿಂದ ಕೇಳುತ್ತಿದ್ದೇವೆ. ನೀವು ಉತ್ತರ ಕೊಡದೆ, ಗೇಟಿಗೆ ‘ಇದೇ ಕೊನೆಯ ವಾರ’ ಎಂದು ಬೋರ್ಡು ಹಾಕಿಸಿದಿರಿ. ಈಗ ನಡೆಯುತ್ತಿರುವುದು ಮೂರನೆಯ ಕೊನೆಯ ವಾರ.

ನಿನ್ನೆ ಮೇಕಪ್ ಕೋಣೆ ತೋರಿಸುವಾಗ ಸೂಗಮ್ಮ ನಿಜವಾಗಿಯೂ ಅತ್ತರು. ಹನ್ನೊಂದು ವರ್ಷ ಅಲ್ಲಿಗೆ ಬಂದವರ ಮುಖಕ್ಕೆ ಬಣ್ಣ ಹಚ್ಚಿದವರು ಅವರು. ಜನ ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು. ನೀವು ಬಂದಾಗ ಸಮಾಧಾನ ಹೇಳುತ್ತೀರಿ ಎಂದುಕೊಂಡೆ.

‘ಭಾಳ ಚಲೋ ಅತ್ತಿ ಸೂಗಮ್ಮ. ನಾಳಿಂದ ಪ್ರತಿ ಬ್ಯಾಚಿಗೂ ಹಿಂಗ ಅಳಬೇಕು’ ಎಂದಿರಿ. ನನ್ನ ಕಡೆ ತಿರುಗಿ, ‘ನೀನೂ ಕಲಿ’ ಎಂದಿರಿ.

ಸೂಗಮ್ಮ ಕಣ್ಣೊರೆಸಿಕೊಂಡು ‘ಆತ್ರೀ’ ಎಂದರು.

ಇಂದು ಬೆಳಿಗ್ಗೆ ಸಂತೆಕಲ್ಲೂರಿನ ಮನೆಗೆ ಹೋಗಿ ಸೂಗಮ್ಮನವರನ್ನು ಕಂಡೆ. ‘ಗಂಡ ಸತ್ತಾಗ್ಲೂ ನನಗ ಯಾರೂ ಹಿಂಗ ಅಳು ಅಂದಿದ್ದಿಲ್ಲವ್ವಾ’ ಎಂದರು. ಅವರೂ ಬರುವುದಿಲ್ಲ.

ಪಾರ್ಕಿನ ಪೇಜಿನಲ್ಲಿ ಹಾಕಿರುವ ಅವರ ವಿಡಿಯೋ ಇಂದೇ ತೆಗೆಸಿ. ಟೂರ್ ಮುಚ್ಚುವ ದಿನ ನಿಜಕ್ಕೂ ಗೊತ್ತಾದರೆ, ಒಳಗೆ ಕೆಲಸಕ್ಕೆ ಉಳಿದಿರುವ ಆರು ಜನರಿಗೆ ಮೊದಲು ಹೇಳಿ, ಬೋರ್ಡಿಗೆ ಆಮೇಲೆ.

ಇಂತಿ,
ವಸೀಮಾ
ಸೂಗಮ್ಮ (ಹೆಬ್ಬೆಟ್ಟು)